ಕೊಂಗು ಕಾದಂಬರಿಯನ್ನು ಲೆಕ್ಕ ಹಿಡಿದು ಓದುವುದು

ಕೆಲಸಕ್ಕೋ, ಓದಿಗೋ, ಮದುವೆಯಾಗಿಯೋ ಕೊಯಮತ್ತೂರು-ತಿರುಪ್ಪೂರಿನ ಕಡೆ ಬಂದು ನೆಲೆಸುವ ಕನ್ನಡಿಗರು ವರ್ಷ ತುಂಬುವುದರೊಳಗೆ ಯಾರನ್ನಾದರೂ ಕೇಳಿಯೇ ಕೇಳುತ್ತಾರೆ: ತಮಿಳಿನಲ್ಲಿ ಏನಾದರೂ ಓದಬೇಕು, ಎಲ್ಲಿಂದ ಶುರು ಮಾಡಲಿ? ಹೆಚ್ಚಿನವರಿಗೆ ಸಿಗುವ ಉತ್ತರ ಕಲ್ಕಿಯವರ ‘ಪೊನ್ನಿಯಿನ್ ಸೆಲ್ವನ್’. ಒಳ್ಳೆಯ ಪುಸ್ತಕವೇ. ಆದರೆ ಅದು ಕಾವೇರಿ ಮುಖಜಭೂಮಿಯ ಪುಸ್ತಕ. ನೀರು ತುಂಬಿದ ಕೆರೆ, ಭತ್ತದ ಬಯಲು, ಚೋಳರ ಅರಮನೆ. ಕಿಟಕಿ ತೆರೆದರೆ ಕಾಣುವ ಬೋಳುಗುಡ್ಡ, ಜೋಳದ ಹೊಲ, ತೆಂಗಿನ ತೋಟ, ನೂಲಿನ ಗಿರಣಿ, ಬನಿಯನ್ ಕಂಪನಿಗಳ ಬಗ್ಗೆ ಅದರಲ್ಲಿ ಏನೂ ಇಲ್ಲ. ನೀವು ನಿಂತಿರುವ ನೆಲ ತನ್ನದೇ ಕಾದಂಬರಿಗಳನ್ನು ಬರೆದುಕೊಂಡಿದೆ. ಅವುಗಳಿಂದಲೇ ಶುರು ಮಾಡಿ ಎನ್ನುವುದು ನನ್ನ ಮಾತು.

ಈ ನೆಲ ನಮಗೆ ಪರದೇಶವೂ ಅಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬೀಳುವ ತನಕ ಕೊಯಮತ್ತೂರು ಮೈಸೂರಿನವರ ಆಳ್ವಿಕೆಯಲ್ಲಿತ್ತು. ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆಮೇಲೆ 1979ರಲ್ಲಿ ಈರೋಡಿನ ಭಾಗ ಬೇರೆಯಾಯಿತು, 2009ರಲ್ಲಿ ತಿರುಪ್ಪೂರು ಜಿಲ್ಲೆಯಾಯಿತು. ಜಿಲ್ಲೆಗಳನ್ನು ಎಷ್ಟೇ ಕತ್ತರಿಸಿದರೂ ಜನ ಇದನ್ನು ಕರೆಯುವುದು ಕೊಂಗುನಾಡು ಎಂದೇ. ದೇವನೂರ ಮಹಾದೇವರ ‘ಕುಸುಮಬಾಲೆ’ಯನ್ನೋ, ಆಲನಹಳ್ಳಿ ಕೃಷ್ಣರ ‘ಕಾಡು’ವನ್ನೋ ಓದಿ ಮೆಚ್ಚಿದವರಿಗೆ ಇದು ಪಕ್ಕದೂರಿನ ಸಾಹಿತ್ಯ. ಬಿಳಿಗಿರಿಯ ಈಚೆಗೆ ಒಂದು ಬಗೆಯ ಬದುಕು, ಸತ್ಯಮಂಗಲದ ಘಾಟಿ ಇಳಿದರೆ ಅದರ ದಾಯಾದಿ ಬದುಕು.

ಆದರೂ ಮೊದಲ ಸಲ ಕೈಗೆತ್ತಿಕೊಂಡವರು ಅರ್ಧಕ್ಕೇ ಇಟ್ಟುಬಿಡುವುದುಂಟು. ಏನೂ ನಡೆಯುತ್ತಿಲ್ಲ, ಬರೀ ಹೊಲ, ಕುರಿ, ಸಾಲ, ಪಾಲು ಎನ್ನುತ್ತಾರೆ. ಅವರು ಬಿಟ್ಟ ಜಾಗದಲ್ಲೇ ಪುಸ್ತಕದ ಜೀವ ಇರುತ್ತದೆ. ಕೊಂಗು ಕಾದಂಬರಿಯ ಜನ ಮನಸ್ಸಿನಲ್ಲಿರುವುದನ್ನು ಬಾಯಿಬಿಟ್ಟು ಹೇಳುವವರಲ್ಲ. ಪ್ರೀತಿ, ಹೊಟ್ಟೆಕಿಚ್ಚು, ಅವಮಾನ, ಋಣ ಎಲ್ಲವೂ ಲೆಕ್ಕದ ಮಾತಾಗಿಯೇ ಹೊರಬರುತ್ತವೆ. ಯಾರ ಪಾಲಿಗೆ ಎಷ್ಟು ಎಕರೆ, ಬಾವಿಯಲ್ಲಿ ಯಾರಿಗೆ ಯಾವ ಹೊತ್ತಿನ ನೀರು, ವರ್ಷಕ್ಕೆ ಎಷ್ಟು ಧಾನ್ಯ, ಪೀಸಿಗೆ ಎಷ್ಟು ಕೂಲಿ, ಮುಂಗಡದಲ್ಲಿ ಎಷ್ಟು ತೀರಿತು. ಈ ಲೆಕ್ಕಗಳನ್ನು ವಿವರಣೆ ಎಂದುಕೊಂಡು ಹಾರಿಸಿದರೆ ಕಥೆಯನ್ನೇ ಹಾರಿಸಿದಂತೆ. ಈ ಕೈಪಿಡಿಯಲ್ಲಿ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇಷ್ಟೇ: ಇಲ್ಲಿನ ಕಾದಂಬರಿ ಓದುವಾಗ ಲೆಕ್ಕದ ಮೇಲೆ ಕಣ್ಣಿಡಿ, ಸಂಬೋಧನೆಗೆ ಕಿವಿಗೊಡಿ.

ಲೆಕ್ಕ ಇಷ್ಟು ಮುಖ್ಯವಾಗುವುದಕ್ಕೆ ಕಾರಣ ನೀರು. ಪಶ್ಚಿಮಘಟ್ಟದ ನೆರಳಿನಲ್ಲಿ ಕೂತ ನಾಡಿದು. ಆನೈಮಲೆಯ ಮೇಲೆ ವಾಲ್ಪಾರೈಯಲ್ಲಿ ಹಗಲಿರುಳು ಸುರಿಯುವ ಮಳೆ, ಅದೇ ಬೆಟ್ಟದ ಈಚೆ ಪಲ್ಲಡಂ, ಕಾಂಗೇಯಂ ಕಡೆ ಬರುವಷ್ಟರಲ್ಲಿ ಬರೀ ಗಾಳಿಯಾಗಿರುತ್ತದೆ. ನೊಯ್ಯಲ್, ಅಮರಾವತಿ, ಭವಾನಿ ನದಿಗಳಿವೆ. ಆದರೆ ನದಿದಡದ ಅದೃಷ್ಟವಂತರು ಕೆಲವರೇ. ಉಳಿದವರು ಬಂಡೆ ಒಡೆದು ಬಾವಿ ತೋಡಿಕೊಂಡು ಬದುಕಿದವರು. ಅರವತ್ತರ ದಶಕದಲ್ಲಿ ಪರಂಬಿಕ್ಕುಳಂ-ಆಳಿಯಾರ್ ಯೋಜನೆಯ ಕಾಲುವೆಗಳು ಬರುವ ತನಕ ಪೊಳ್ಳಾಚಿಯ ಆಚೆಗಿನ ಎಷ್ಟೋ ಊರುಗಳಿಗೆ ಬಾವಿಯೇ ದೈವ.

ಆ ಬಾವಿಯನ್ನು ಕಣ್ಣಮುಂದೆ ತಂದುಕೊಳ್ಳದೆ ಹಳೆಯ ಕೊಂಗು ಕಾದಂಬರಿ ತೆರೆಯಬೇಡಿ. ನಮ್ಮ ಹಳೇ ಮೈಸೂರಿನವರು ಕಪಿಲೆ ಎನ್ನುವುದನ್ನೇ ಇಲ್ಲಿ ಕವಲೈ ಎನ್ನುತ್ತಾರೆ. ಬಾವಿಯ ಬಾಯಿಗೆ ನೆಟ್ಟ ಕಂಬಗಳ ನಡುವೆ ಗಾಲಿ. ಅದರ ಮೇಲಿಂದ ದಪ್ಪ ಹಗ್ಗ, ತುದಿಯಲ್ಲಿ ತೊಗಲಿನ ದೊಡ್ಡ ಚೀಲ. ಚೀಲದ ಕೆಳಗೆ ಮಡಿಚಿಕೊಂಡಿರುವ ತೊಗಲ ನಳಿಗೆ, ಅದಕ್ಕೆ ಬೇರೊಂದು ಸಣ್ಣ ಹಗ್ಗ. ಬಾವಿಯಿಂದ ಹೊರಕ್ಕೆ ಇಳಿಜಾರಾಗಿ ಅಗೆದ ದಾರಿಯಲ್ಲಿ ಎತ್ತುಗಳು ಕೆಳಗಿಳಿಯಬೇಕು, ಆಗ ಚೀಲ ಮೇಲೇರುತ್ತದೆ. ಎತ್ತು ಹೊಡೆಯುವವನು ಅರ್ಧ ದಾರಿಯಲ್ಲಿ ಹಗ್ಗದ ಮೇಲೇ ಜಿಗಿದು ಕೂರುತ್ತಾನೆ. ಅವನ ಮೈಭಾರವೂ ಎಳೆತಕ್ಕೆ ಸೇರಲಿ ಎಂದು. ಚೀಲ ಬಾಯಿಗೆ ಬಂದಾಗ ಸಣ್ಣ ಹಗ್ಗ ಬಿಗಿದು ನಳಿಗೆ ತೆರೆದುಕೊಂಡು ನೀರು ತೊಟ್ಟಿಗೆ ಬೀಳುತ್ತದೆ, ಅಲ್ಲಿಂದ ಕಾಲುವೆಗೆ. ಎತ್ತುಗಳು ಹಿಮ್ಮೆಟ್ಟುತ್ತ ಮತ್ತೆ ಮೇಲೆ ಬರಬೇಕು. ಬೆಳಗಿನ ಜಾವದಿಂದ ಬಿಸಿಲೇರುವ ತನಕ ಇದೇ. ಆ ತುದಿಯಲ್ಲಿ ಒಬ್ಬಳು ಮಡಿಯಿಂದ ಮಡಿಗೆ ನೀರು ತಿರುಗಿಸುತ್ತ ನಿಂತಿರುತ್ತಾಳೆ. ಗಂಡಸು, ಹೆಂಗಸು, ಜೋಡಿ ಎತ್ತು ಇಷ್ಟು ದುಡಿದರೆ ಇಷ್ಟು ಮಡಿ ನೆನೆಯುತ್ತದೆ ಎನ್ನುವುದು ಎಲ್ಲರಿಗೂ ಬಾಯಿಪಾಠ. ಇಂಥ ಹೊಲ ಪಾಲಾಗುವಾಗ ಬಾವಿಯೂ ಪಾಲಾಗಬೇಕು. ಬಾವಿಯನ್ನು ಕತ್ತರಿಸಲು ಬರುವುದಿಲ್ಲ, ಹಾಗಾಗಿ ದಿನಗಳನ್ನು ಕತ್ತರಿಸುತ್ತಾರೆ. ಅಣ್ಣ-ತಮ್ಮಂದಿರ ಜಗಳ ಎಂದು ಒಂದು ಸಾಲಿನಲ್ಲಿ ಬರುವುದರ ಹಿಂದೆ ಇಷ್ಟೆಲ್ಲ ಇದೆ.

ಈಗ ಮೊದಲ ಪುಸ್ತಕ. ಆರ್. ಷಣ್ಮುಗಸುಂದರಂ ಅವರ ‘ನಾಗಮ್ಮಾಳ್’, 1942ರದು. ಬರೆದಾಗ ಅವರಿಗೆ ಇಪ್ಪತ್ತೈದರ ಆಸುಪಾಸು. ಈಗಿನ ತಿರುಪ್ಪೂರು ಜಿಲ್ಲೆಗೆ ಸೇರಿದ ಕೀರನೂರಿನವರು. ತಮಿಳಿನ ಮೊದಲ ಪ್ರಾದೇಶಿಕ ಕಾದಂಬರಿ ಎಂದು ವಿಮರ್ಶಕರು ಗುರುತಿಸುವುದು ಇದನ್ನೇ. ಕಾರಂತರ ‘ಚೋಮನ ದುಡಿ’ ಬಂದದ್ದು 1933ರಲ್ಲಿ. ಆ ದಶಕದ ಅಂತರದಲ್ಲಿ ಎರಡು ಭಾಷೆಗಳೂ ಉಳುವವನ ಅಂಗಳಕ್ಕೆ ಇಳಿದವು ಎನ್ನುವುದನ್ನು ನೆನೆದರೆ ನನಗೆ ಈಗಲೂ ಸಂತೋಷವಾಗುತ್ತದೆ.

ನಾಗಮ್ಮಾಳ್ ವಿಧವೆ. ಒಬ್ಬಳು ಮಗಳಿದ್ದಾಳೆ. ಮೈದುನ ಚಿನ್ನಪ್ಪನ್ ಮತ್ತು ಓರಗಿತ್ತಿಯ ಜತೆ ಒಂದೇ ಮನೆಯಲ್ಲಿ ಇರುತ್ತಾಳೆ. ಅವಳಿಗೆ ಬೇಕಾಗಿರುವುದು ಗಂಡನ ಪಾಲು. ಅಷ್ಟೇ ಕಥೆ. ಪುಟ್ಟ ಪುಸ್ತಕ, ರಜೆಯ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಓದುವಾಗ ಒಂದು ಸಂಗತಿ ತಲೆಯಲ್ಲಿರಲಿ: ವಿಧವೆಗೆ ಗಂಡನ ಆಸ್ತಿಯಲ್ಲಿ ಹಕ್ಕು ಕೊಡುವ ಕಾಯ್ದೆ 1937ರಲ್ಲೇ ಬಂದಿತ್ತು, ಆದರೆ ಅದು ವ್ಯವಸಾಯದ ಜಮೀನಿಗೆ ಅನ್ವಯಿಸದು ಎಂದು 1941ರಲ್ಲಿ ಫೆಡರಲ್ ಕೋರ್ಟು ಹೇಳಿತು. ಮದರಾಸು ಪ್ರಾಂತ್ಯ ತನ್ನ ಕಾಯ್ದೆಯನ್ನು ತಂದು ಅದನ್ನು ಹೊಲಕ್ಕೂ ವಿಸ್ತರಿಸಿದ್ದು 1947ರಲ್ಲಿ. ಅಂದರೆ ನಾಗಮ್ಮಾಳ್ ಪಾಲು ಕೇಳುತ್ತಿರುವ ಹೊತ್ತಿನಲ್ಲಿ ಅವಳ ಬೆನ್ನಿಗೆ ಕಾನೂನೂ ಗಟ್ಟಿಯಾಗಿ ನಿಂತಿಲ್ಲ, ಊರೂ ನಿಂತಿಲ್ಲ. ಬೆನ್ನಿಗೆ ನಿಲ್ಲುವವನು ಕೆಟ್ಟಿಯಪ್ಪನ್ ಎಂಬ ಊರಿನ ಪೋಕರಿ. ಅವನ ಸಹವಾಸದ ಬಗ್ಗೆ ಊರು ಆಡಿಕೊಳ್ಳುತ್ತದೆ. ಲೇಖಕ ಅವಳನ್ನು ಸಮರ್ಥಿಸುವುದೂ ಇಲ್ಲ, ದೂರುವುದೂ ಇಲ್ಲ. ಚಿನ್ನಪ್ಪನ್ ಕೆಟ್ಟವನಲ್ಲ, ಅದೇ ಈ ಕಾದಂಬರಿಯ ದೊಡ್ಡತನ. ಇಬ್ಬರ ಕಡೆಯೂ ನ್ಯಾಯವಿದೆ, ಹೊಲ ಮಾತ್ರ ಒಂದೇ. ಕೊನೆಯಲ್ಲಿ ಏನಾಗುತ್ತದೆ ಎಂದು ಹೇಳುವುದಿಲ್ಲ, ಯಾರಿಂದಲೂ ಕೇಳಿ ತಿಳಿದುಕೊಳ್ಳಲೂ ಬೇಡಿ.

ಅವರ ‘ಅರುವಡೈ’, ‘ಸಟ್ಟಿ ಸುಟ್ಟದು’ ಎರಡೂ ಆಮೇಲೆ ಓದಬಹುದು. ವಿಭೂತಿಭೂಷಣರ ‘ಪಥೇರ್ ಪಾಂಚಾಲಿ’ಯನ್ನು ತಮಿಳಿಗೆ ತಂದವರೂ ಇವರೇ. ಊರನ್ನು ಕಟುವಾಗಿ ನೋಡಿಯೂ ಊರಿನ ಮೇಲೆ ಅಕ್ಕರೆ ಉಳಿಸಿಕೊಂಡ ಬರಹಗಾರ ಆ ಪುಸ್ತಕವನ್ನು ಆರಿಸಿಕೊಂಡದ್ದು ಸಹಜ.

ಇನ್ನು ಕಿವಿಯ ವಿಷಯ. ಕೊಂಗು ತಮಿಳು ಮರ್ಯಾದೆಯ ಭಾಷೆ ಎಂದು ಇಡೀ ತಮಿಳುನಾಡಿಗೇ ಹೆಸರು. ಕೊಯಮತ್ತೂರಿನ ಬಸ್ಸಿನಲ್ಲಿ ಕಂಡಕ್ಟರೂ ಚಿಕ್ಕ ಹುಡುಗನಿಗೆ ಸರೀಂಗ, ವಾಂಗ ಎನ್ನುತ್ತಾನೆ. ಪ್ರತಿ ವಾಕ್ಯದ ಬಾಲಕ್ಕೆ ಒಂದು ‘ಂಗ’ ಅಂಟಿಕೊಂಡಿರುತ್ತದೆ. ಹೊಸಬರಿಗೆ ಅದು ಬಹಳ ಹಿತ. ಆದರೆ ಕಾದಂಬರಿಯಲ್ಲಿ ಆ ‘ಂಗ’ ಯಾರಿಂದ ಯಾರಿಗೆ ಹೋಗುತ್ತಿದೆ, ಎಲ್ಲಿ ಬಿದ್ದುಹೋಯಿತು ಎನ್ನುವುದನ್ನು ಗಮನಿಸುತ್ತ ಬನ್ನಿ. ಹೊಲದ ಒಡೆಯರಾದ ಗೌಂಡರ ಮನೆಯ ಹತ್ತು ವರ್ಷದ ಹುಡುಗನಿಗೆ ಅರವತ್ತರ ಮುದುಕ ಆಳು ಬಹುವಚನ ಹಾಕುತ್ತಾನೆ. ಹುಡುಗ ಮುದುಕನನ್ನು ಏಕವಚನದಲ್ಲಿ ಕರೆಯುತ್ತಾನೆ. ಲೇಖಕ ಜಾತಿಯ ಬಗ್ಗೆ ಒಂದು ಮಾತನ್ನೂ ಆಡಬೇಕಾಗಿಲ್ಲ.

ಇದನ್ನು ಚೆನ್ನಾಗಿ ಕಲಿಸುವ ಪುಸ್ತಕ ಪೆರುಮಾಳ್ ಮುರುಗನ್ ಅವರ ‘ಕೂಳಮಾದಾರಿ’. ಮುರುಗನ್ ತಿರುಚ್ಚೆಂಗೋಡಿನವರು, ಅದು ಪಕ್ಕದ ನಾಮಕ್ಕಲ್ ಜಿಲ್ಲೆ. ಕೊಂಗು ಸಾಹಿತ್ಯದ ಮಾತಿನಲ್ಲಿ ಆ ಗಡಿ ಲೆಕ್ಕಕ್ಕಿಲ್ಲ. ಗೌಂಡರ ಮನೆಯಲ್ಲಿ ವರ್ಷದ ಕೂಲಿಗೆ ಇರುವ ಅರುಂಧತಿಯರ ಹುಡುಗ ಕೂಳೈಯನ್ ಕುರಿ ಕಾಯುತ್ತಾನೆ. ಯಜಮಾನನ ಮಗ ಸೆಲ್ವನ್ ಅವನ ಆಟದ ಗೆಳೆಯ. ಹೊಲದಲ್ಲಿ, ಬಾವಿಯಲ್ಲಿ ಈಜುವಾಗ ಅವರಿಬ್ಬರೂ ಸಮ. ಮನೆಯ ಅಂಗಳಕ್ಕೆ ಬಂದಾಗ ಅಲ್ಲ. ಒಂದು ಕುರಿ ಕಳೆದುಹೋದರೆ ಅದು ಎಷ್ಟು ತಿಂಗಳ ದುಡಿಮೆ ಎಂಬ ಭಯ ಅವನ ಆಟದ ನಡುವೆಯೂ ಇರುತ್ತದೆ. ದೇವನೂರರ ‘ಒಡಲಾಳ’ ಓದಿದ ಕನ್ನಡಿಗರಿಗೆ ಈ ಜಗತ್ತು ತಟ್ಟನೆ ಗುರುತು ಹತ್ತುತ್ತದೆ. ತಮಿಳು ಓದಲು ಬಾರದವರು ವಿ. ಗೀತಾ ಅವರ ಇಂಗ್ಲಿಷ್ ಅನುವಾದ ‘ಸೀಸನ್ಸ್ ಆಫ್ ದ ಪಾಮ್’ ಹಿಡಿಯಬಹುದು.

ಮುರುಗನ್ ಅವರ ಹೆಸರು ಕೇಳಿದ ಕೂಡಲೇ ಎಲ್ಲರೂ ‘ಮಾದೊರುಬಾಗನ್’ ಕೈಗೆತ್ತಿಕೊಳ್ಳುತ್ತಾರೆ. 2010ರಲ್ಲಿ ಬಂದ ಆ ಕಾದಂಬರಿಗೆ ನಾಲ್ಕು ವರ್ಷದ ಮೇಲೆ ವಿರೋಧ ಎದ್ದಿತು. 2015ರ ಜನವರಿಯಲ್ಲಿ ಅವರು ತಾನೆಂಬ ಬರಹಗಾರ ಸತ್ತ ಎಂದು ಘೋಷಿಸಿದರು. 2016ರ ಜುಲೈಯಲ್ಲಿ ಮದ್ರಾಸ್ ಹೈಕೋರ್ಟು ಅವರ ಪರ ತೀರ್ಪು ಕೊಟ್ಟು ಬರವಣಿಗೆಗೆ ಮರಳುವಂತೆ ಹೇಳಿತು. ಈ ಗದ್ದಲ ತಲೆಯಲ್ಲಿಟ್ಟುಕೊಂಡು ಓದಿದರೆ ಮಕ್ಕಳಿಲ್ಲದ ಕಾಳಿ-ಪೊನ್ನಾ ದಂಪತಿಯ ಒಲವು ಕಣ್ಣಿಗೆ ಬೀಳುವುದೇ ಇಲ್ಲ, ವಿವಾದದ ಪುಟ ಎಲ್ಲಿದೆ ಎಂದು ಹುಡುಕುವುದೇ ಆಗುತ್ತದೆ. ಆದ್ದರಿಂದ ಅದನ್ನು ಎರಡನೆಯದೋ ಮೂರನೆಯದೋ ಪುಸ್ತಕವಾಗಿ ಇಟ್ಟುಕೊಳ್ಳಿ. ಕಿವಿ ಅಷ್ಟರಲ್ಲಿ ಪಳಗಿರುತ್ತದೆ.

ಪಳಗಿಸುವುದಕ್ಕೆ ದಾರಿ ಒಂದೇ: ಜೋರಾಗಿ ಓದುವುದು, ಇಲ್ಲವೇ ಓದಿಸಿ ಕೇಳುವುದು. ‘ಕುಸುಮಬಾಲೆ’ಯನ್ನು ಕಣ್ಣಿನಲ್ಲಿ ಓದಿ ಸೋತವರು ಬಾಯಿಬಿಟ್ಟು ಓದಿದಾಗ ಹೇಗೆ ಒಳಹೊಕ್ಕರೋ ಹಾಗೆಯೇ ಇದು. ಇಲ್ಲಿ ವರ್ಷಗಟ್ಟಲೆ ಇದ್ದು ತಮಿಳು ಮಾತನಾಡಲು ಬಂದು ಓದಲು ಬಾರದ ಕನ್ನಡಿಗರು ತುಂಬ ಜನ. ಅಕ್ಷರ ಕಲಿಯುವುದು ನಮಗೆ ಕಷ್ಟವಲ್ಲ. ಹನ್ನೆರಡು ಸ್ವರ, ಹದಿನೆಂಟು ವ್ಯಂಜನ. ಅಷ್ಟು ಪುರಸೊತ್ತಿಲ್ಲದಿದ್ದರೆ ಪಕ್ಕದ ಮನೆಯವರನ್ನೋ ಆಫೀಸಿನ ಗೆಳೆಯರನ್ನೋ ಅರ್ಧ ಗಂಟೆ ಓದಿ ಎಂದು ಕೇಳಿ. ಕೊಂಗುನಾಡಿನವರೇ ಓದಿದರೆ ಆ ರಾಗವೇ ಬೇರೆ. ಕೊಯಮತ್ತೂರಿನ ದೊಡ್ಡ ವಿಮರ್ಶಕ ಕೋವೈ ಜ್ಞಾನಿಯವರು ಕಣ್ಣು ಕಳೆದುಕೊಂಡ ಮೇಲೂ 2020ರಲ್ಲಿ ತೀರಿಕೊಳ್ಳುವ ತನಕ ಬೇರೆಯವರಿಂದ ಓದಿಸಿಕೊಂಡೇ ಸಾಹಿತ್ಯದೊಡನೆ ಇದ್ದರು. ಕಿವಿಯ ಓದು ಕಡಿಮೆಯ ಓದೇನಲ್ಲ.

ಹಾಡಿನ ಕಡೆಯಿಂದ ಬರಬೇಕೆನ್ನುವವರಿಗೆ ಅಣ್ಣನ್ಮಾರ್ ಕಥೆ ಇದೆ. ಪೊನ್ನರ್-ಶಂಕರ್ ಎಂಬ ಅಣ್ಣ-ತಮ್ಮಂದಿರ, ಅವರ ತಂಗಿಯ ಕಥೆ. ಉಡುಕ್ಕೈ ಬಾರಿಸುತ್ತ ರಾತ್ರಿಗಟ್ಟಲೆ ಹಾಡುವುದು. ಬ್ರೆಂಡಾ ಬೆಕ್ 1965ರಲ್ಲಿ ಕಾಂಗೇಯದ ಬಳಿಯ ಓಲಪ್ಪಾಳೆಯದಲ್ಲಿ ಇದನ್ನು ಧ್ವನಿಮುದ್ರಿಸಿಕೊಂಡರು. ಮಲೆ ಮಾದೇಶ್ವರನ ಕಂಸಾಳೆಯವರನ್ನೂ ಮಂಟೇಸ್ವಾಮಿಯ ನೀಲಗಾರರನ್ನೂ ಕೇಳಿ ಬೆಳೆದ ನಮಗೆ ಇದಕ್ಕೆ ಪೀಠಿಕೆ ಬೇಕಿಲ್ಲ. ಈ ಅಣ್ಣ-ತಮ್ಮಂದಿರ ಹಾಡಿನಲ್ಲೂ ಕಾಡು ಕಡಿದು ಹೊಲ ಮಾಡಿದವರ ಮತ್ತು ಕಾಡಿನಲ್ಲೇ ಇದ್ದವರ ನಡುವಿನ ಜಗಳವೇ ಕಥೆ.

ನನ್ನನ್ನು ಒಂದೇ ಪುಸ್ತಕ ಹೇಳಿ ಎಂದು ಕಟ್ಟಿಹಾಕಿದರೆ ಹೇಳುವುದು ದೇವಿಭಾರತಿಯವರ ‘ನೀರ್ವಳಿ ಪಡೂಉಂ’. 2023ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೆ ಬಂತು. ಹೆಸರು ಸಂಗಂ ಕಾಲದ ‘ಪುರನಾನೂರು’ವಿನ ಒಂದು ಪದ್ಯದಿಂದ ತೆಗೆದದ್ದು. ದೇವಿಭಾರತಿ ತಿರುಪ್ಪೂರು ಜಿಲ್ಲೆಯ ವೆಳ್ಳಕೋವಿಲಿನ ಕಡೆಯವರು. ಕಾದಂಬರಿ ಒಂದು ಸಾವಿನಿಂದ ಶುರುವಾಗುತ್ತದೆ: ಊರಿನ ಕ್ಷೌರಿಕ ಕಾರು ಮಾವ ತೀರಿಕೊಂಡಿದ್ದಾರೆ, ನೆಂಟರು ಒಬ್ಬೊಬ್ಬರಾಗಿ ಬರುತ್ತಿದ್ದಾರೆ. ಒಂದು ಸಾವಿಗೆ ಎಷ್ಟು ಜನ ಬರುತ್ತಾರೋ ಅಷ್ಟು ಕಥೆ.

ಇದನ್ನು ರುಚಿ ನೋಡುವುದಕ್ಕೆ ಒಂದು ಸಂಗತಿ ತಿಳಿದಿರಬೇಕು. ಕೊಂಗು ವೆಳ್ಳಾಳ ಗೌಂಡರ ಮದುವೆಯಲ್ಲಿ ‘ಮಂಗಳ ವಾಳ್ತು’ ಎಂಬ ಉದ್ದನೆಯ ಹರಕೆಯ ಹಾಡನ್ನು ಹೇಳುವವನು ಕ್ಷೌರಿಕ. ಕಂಬ ಕವಿಯೇ ಅದನ್ನು ಬರೆದುಕೊಟ್ಟನೆಂದು ನಂಬಿಕೆ. ಅವನ ಬಾಯಿಂದ ಆ ಹಾಡು ಬಾರದೆ ಮದುವೆ ಪೂರ್ತಿಯಾಗದು. ಹಾಗೆಯೇ ಸಾವಿನ ಮನೆಯ ಕರ್ಮದಲ್ಲೂ ಅವನು ಬೇಕು. ಪ್ರತಿಯಾಗಿ ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಅವನು ತನ್ನ ಪಾಲು ಧಾನ್ಯ ಅಳೆಸಿಕೊಳ್ಳಬೇಕು. ನಮ್ಮ ಹಳ್ಳಿಗಳಲ್ಲಿ ಆಯಗಾರರು ಆಯಕ್ಕೆ ನಿಂತಂತೆ. ಊರಿನ ಎಲ್ಲರ ಮದುವೆಗೆ ಹರಸಿದವನ ಮನೆಯಲ್ಲಿ ಮದುವೆಗಳು ಹೇಗೆ ನಡೆದವು, ಎಲ್ಲರ ಸಾವಿಗೆ ನಿಂತವನು ಸತ್ತಾಗ ಯಾರು ಬಂದರು ಎನ್ನುವುದು ಈ ಪುಸ್ತಕದ ಲೆಕ್ಕ. ಹೆಸರುಗಳೂ ಸಂಬಂಧಗಳೂ ಮೊದಲ ಐವತ್ತು ಪುಟಗಳಲ್ಲಿ ಗೋಜಲಾಗುತ್ತವೆ. ಒಂದು ಚೀಟಿಯಲ್ಲಿ ಅತ್ತೆ, ಮಾವ, ಚಿಕ್ಕಮ್ಮ, ದೊಡ್ಡಪ್ಪ ಎಂದು ವಂಶವೃಕ್ಷ ಬರೆದುಕೊಂಡು ಓದಿ. ನಾನು ಹಾಗೆಯೇ ಓದಿದ್ದು. ನೂರು ಪುಟ ದಾಟಿದ ಮೇಲೆ ಚೀಟಿ ಬೇಕಾಗುವುದಿಲ್ಲ, ಅವರೆಲ್ಲ ನಿಮ್ಮ ನೆಂಟರಾಗಿರುತ್ತಾರೆ. ಇದೇ ಲೇಖಕರ ಕಥೆಗಳನ್ನು ಎನ್. ಕಲ್ಯಾಣರಾಮನ್ ‘ಫೇರ್‌ವೆಲ್, ಮಹಾತ್ಮಾ’ ಎಂದು ಇಂಗ್ಲಿಷಿಗೆ ತಂದಿದ್ದಾರೆ.

ಹಳ್ಳಿಯಿಂದ ಬನಿಯನ್ ಕಂಪನಿಗೆ ಬರೋಣ. ಕೊಂಗುನಾಡಿನ ಕಾದಂಬರಿ ಹೊಲದಲ್ಲೇ ಉಳಿಯಲಿಲ್ಲ, ಹೊಲ ಬಿಟ್ಟವರ ಹಿಂದೆಯೇ ಬಂತು. ಕೊಯಮತ್ತೂರಿನಲ್ಲಿ ಮೊದಲ ನೂಲಿನ ಗಿರಣಿ 1888ರಲ್ಲಿ ಬಂತು. ನೀಲಗಿರಿಯ ಪೈಕಾರಾ ವಿದ್ಯುತ್ತು 1930ರ ದಶಕದಲ್ಲಿ ಇಳಿದು ಬಂದ ಮೇಲೆ ಗಿರಣಿಗಳು ಸಾಲುಗಟ್ಟಿದವು. ತಿರುಪ್ಪೂರು ಬನಿಯನ್ನಿಗೆ ಹೆಸರಾಯಿತು, ಆಮೇಲೆ ರಫ್ತಿಗೆ. ಎಂ. ಗೋಪಾಲಕೃಷ್ಣನ್ ಅವರ ‘ಮಣಲ್ ಕಡಿಗೈ’ ಈ ಊರಿನ ಜತೆಜತೆಗೆ ಬೆಳೆಯುವ ಗೆಳೆಯರ ಗುಂಪೊಂದರ ಕಥೆ. ಓದುವ ಮುಂಚೆ ಒಂದು ಶನಿವಾರದ ಸಂಜೆ ತಿರುಪ್ಪೂರಿನ ಬೀದಿಗೆ ಹೋಗಿ. ಅಂದು ವಾರದ ಸಂಬಳದ ದಿನ. ಕಟಿಂಗ್ ಮಾಸ್ಟರು, ಓವರ್‌ಲಾಕ್ ಟೈಲರು, ಚೆಕಿಂಗ್ ಹೆಂಗಸರು, ಕೈಮಡಿಚುವ ಹುಡುಗರು ಎಲ್ಲರ ಕೈಯಲ್ಲೂ ಅಂದು ಕಾಸು. ತಳ್ಳುಗಾಡಿಯವರು, ಚೀಟಿಯವರು, ಸಾಲದವರು ಅದೇ ಹೊತ್ತಿಗೆ ಕಾದಿರುತ್ತಾರೆ. ಈ ಊರಿನಲ್ಲಿ ತಿಂಗಳೆಂಬುದಿಲ್ಲ, ವಾರವಿದೆ. ಪೀಸ್ ರೇಟ್ ಇದೆ, ಒಂದೂವರೆ ಶಿಫ್ಟ್ ಇದೆ. ಹೊಲದ ಕಾದಂಬರಿಯಲ್ಲಿ ವರ್ಷಕ್ಕೊಮ್ಮೆ ತೀರುತ್ತಿದ್ದ ಲೆಕ್ಕ ಇಲ್ಲಿ ಶನಿವಾರಕ್ಕೊಮ್ಮೆ ತೀರುತ್ತದೆ, ಅದರ ಜತೆಗೆ ಮನುಷ್ಯರ ತಾಳ್ಮೆಯ ಅಳತೆಯೂ ಬದಲಾಗುತ್ತದೆ. ನನ್ನ ಕಣ್ಣಿಗೆ ಈ ಪುಸ್ತಕದ ನಿಜವಾದ ವಸ್ತು ಅದು.

ಸುಬ್ರಭಾರತಿಮಣಿಯನ್ ಅವರ ‘ಸಾಯತ್ತಿರೈ’ ಬಣ್ಣದ ಮನೆಗಳ ಕಥೆ. ಬಟ್ಟೆಗೆ ಬಣ್ಣ ಹಾಕಿದ ನೀರು ನೊಯ್ಯಲ್‌ಗೆ ಹೋಗಿ, ಅಲ್ಲಿಂದ ಒರತ್ತುಪ್ಪಾಳೆಯಂ ಅಣೆಕಟ್ಟಿಗೆ ಹೋಗಿ ನಿಂತಿತು. ನೀರಾವರಿಗೆಂದು 1992ರಲ್ಲಿ ಮುಗಿದ ಅಣೆಕಟ್ಟಿನ ನೀರನ್ನು ರೈತರೇ ಬೇಡವೆನ್ನುವಂತಾಯಿತು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ಬಣ್ಣದ ಘಟಕಗಳನ್ನು ಮುಚ್ಚಲು ಆದೇಶಿಸಿತು. ನೂರಾರು ಘಟಕಗಳು ಬಾಗಿಲು ಹಾಕಿದವು. ಕಾದಂಬರಿ ಬಂದದ್ದು ಆ ಆದೇಶಕ್ಕೆ ಎಷ್ಟೋ ಮುಂಚೆ. ಕಲಾತ್ಮಕವಾಗಿ ‘ಮಣಲ್ ಕಡಿಗೈ’ಯಷ್ಟು ಬಿಗಿಯಾದ ಹೆಣಿಗೆ ಅಲ್ಲ, ಆದರೂ ಓದಬೇಕು. ಇರಾ. ಮುರುಗವೇಳ್ ಅವರ ‘ಮುಗಿಲಿನಿ’ ಭವಾನಿಯ ದಡದ ಸಿರುಮುಗೈಯ ವಿಸ್ಕೋಸ್ ಕಾರ್ಖಾನೆಯ ಸುತ್ತ ನಡೆಯುತ್ತದೆ. ಅದರಲ್ಲಿ ಕಾರ್ಖಾನೆಯಿಂದ ಅನ್ನ ಕಂಡವರೂ ಇದ್ದಾರೆ, ಅದೇ ಕಾರ್ಖಾನೆಯಿಂದ ನದಿ ಕಳಕೊಂಡವರೂ ಇದ್ದಾರೆ. ಕೆಲವು ಮನೆಗಳಲ್ಲಿ ಇಬ್ಬರೂ ಒಬ್ಬರೇ.

ಮುರುಗವೇಳ್ ಅವರೇ ತಮಿಳಿಗೆ ಅನುವಾದಿಸಿದ ಪುಸ್ತಕ ‘ಎರಿಯುಂ ಪನಿಕ್ಕಾಡು’. ಮೂಲ ಇಂಗ್ಲಿಷಿನಲ್ಲಿದೆ: ಪಿ.ಎಚ್. ಡೇನಿಯಲ್ ಎಂಬ ಡಾಕ್ಟರು 1969ರಲ್ಲಿ ಪ್ರಕಟಿಸಿದ ‘ರೆಡ್ ಟೀ’. ಚಹಾ ತೋಟಗಳಲ್ಲಿ ವೈದ್ಯರಾಗಿದ್ದು, ಕಾರ್ಮಿಕರ ಸಂಘಕ್ಕೂ ದುಡಿದವರು ಅವರು. ಇಪ್ಪತ್ತರ ದಶಕದಲ್ಲಿ ತಿರುನೆಲ್ವೇಲಿಯ ಕಡೆಯಿಂದ ಕರುಪ್ಪನ್-ವಳ್ಳಿ ಎಂಬ ಗಂಡ-ಹೆಂಡತಿ ಮೇಸ್ತ್ರಿಯ ಮಾತು ನಂಬಿ ಮುಂಗಡ ಪಡೆದು ಆನೈಮಲೆಯ ಚಹಾ ತೋಟಕ್ಕೆ ಬರುತ್ತಾರೆ. ಬಾಲಾ ಅವರ ‘ಪರದೇಶಿ’ ಚಿತ್ರ ಇದನ್ನೇ ಆಧರಿಸಿದ್ದು. ಸಿನಿಮಾ ನೋಡಿದ್ದರೂ ಪುಸ್ತಕ ಓದಿ, ಏಕೆಂದರೆ ಸಿನಿಮಾದಲ್ಲಿ ಕಣ್ಣೀರಿದೆ, ಪುಸ್ತಕದಲ್ಲಿ ಲೆಕ್ಕ ಇದೆ. ಮುಂಗಡ ಎಷ್ಟು, ದಾರಿ ಖರ್ಚು ಎಷ್ಟು ಹಿಡಿದರು, ಕಂಬಳಿಗೆ ಎಷ್ಟು, ಅಕ್ಕಿಗೆ ಎಷ್ಟು, ಕಾಯಿಲೆ ಬಿದ್ದ ದಿನಕ್ಕೆ ಎಷ್ಟು ಕಳೆದರು. ವರ್ಷದ ಕೊನೆಯಲ್ಲಿ ಮನೆಗೆ ಹೋಗಬೇಕಾದವರು ಮತ್ತೆ ಸಾಲಗಾರರೇ. ಆ ಪುಟಗಳನ್ನು ಪೆನ್ಸಿಲ್ ಹಿಡಿದು ಓದಬೇಕು. ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟದ ಲೈನ್ ಮನೆಗಳನ್ನು ನೋಡಿದವರಿಗೆ ಅಪರಿಚಿತವಾದದ್ದು ಇದರಲ್ಲಿ ಕಡಿಮೆ. ವಾಲ್ಪಾರೈಗೆ ಪ್ರವಾಸ ಹೋಗುವ ಮುಂಚೆ ಇದನ್ನು ಓದಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಹೋಗಿಬಂದ ಮೇಲೆ ಓದಿದವರು ಇನ್ನೊಮ್ಮೆ ಹೋಗಬೇಕಾಗುತ್ತದೆ.

ಅದೇ ಬೆಟ್ಟದ ಟಾಪ್‌ಸ್ಲಿಪ್ಪಿನಲ್ಲಿ ನಡೆಯುವ ಜಯಮೋಹನ್ ಅವರ ‘ಯಾನೈ ಡಾಕ್ಟರ್’ ಕಾದಂಬರಿಯಲ್ಲ, ನೀಳ್ಗತೆ. 2011ರ ‘ಅರಂ’ ಸಂಕಲನದಲ್ಲಿದೆ. ಆನೆಗಳ ವೈದ್ಯ ವಿ. ಕೃಷ್ಣಮೂರ್ತಿಯವರ ಬದುಕನ್ನು ಆಧರಿಸಿದ್ದು. ಇಷ್ಟು ಹೊತ್ತು ಲೆಕ್ಕ ಲೆಕ್ಕ ಎಂದೆನಲ್ಲ, ಇದು ಲೆಕ್ಕವನ್ನೇ ಇಡದ ಮನುಷ್ಯನ ಕಥೆ. ಕೊಳೆತ ಆನೆಯ ಹೆಣದ ಮೇಲೆ ಹತ್ತಿ ಶವಪರೀಕ್ಷೆ ಮಾಡುವವನು, ಪ್ರವಾಸಿಗರು ಎಸೆದ ಬಿಯರ್ ಬಾಟಲಿಯ ಚೂರು ಆನೆಯ ಕಾಲಿಗೆ ಹೊಕ್ಕರೆ ಅದು ಎಷ್ಟು ನರಳಿ ಸಾಯುತ್ತದೆಂದು ಬಲ್ಲವನು. ತೇಜಸ್ವಿ ಓದಿಕೊಂಡು ಬೆಳೆದ ಕನ್ನಡಿಗರಿಗೆ ಕಾಡು ಹೊಸದಲ್ಲ. ಆದರೆ ತೇಜಸ್ವಿಯವರ ಕಾಡಿನಲ್ಲಿ ಕುತೂಹಲ ದೊಡ್ಡದು, ಇಲ್ಲಿ ಕರುಣೆ ದೊಡ್ಡದು. ಕಾದಂಬರಿ ಎಂದರೆ ಹೆದರುವವರಿಗೆ ಕೊಡಲು ಇದಕ್ಕಿಂತ ಒಳ್ಳೆಯದಿಲ್ಲ. ಸಂಕಲನದ ಇಂಗ್ಲಿಷ್ ಅನುವಾದ ಪ್ರಿಯಂವದಾ ರಾಮ್‌ಕುಮಾರ್ ಅವರದು, ‘ಸ್ಟೋರೀಸ್ ಆಫ್ ದ ಟ್ರೂ’.

ಕನ್ನಡಿಗರಿಗೆಂದೇ ಎತ್ತಿಟ್ಟ ಹೆಸರು ಒಂದಿದೆ. ‘ಮಣಲ್ ಕಡಿಗೈ’ ಬರೆದ ಗೋಪಾಲಕೃಷ್ಣನ್ ಅವರದೇ ‘ಅಮ್ಮನ್ ನೆಸವು’. ಕೊಂಗುನಾಡಿನಲ್ಲಿ ನೆಲೆಸಿದ, ಮನೆಯಲ್ಲಿ ಕನ್ನಡ ಆಡುವ ದೇವಾಂಗ ನೇಕಾರರ ಕಾದಂಬರಿ ಅದು. ಕೊಯಮತ್ತೂರಿನಲ್ಲಿ ವಿಜಯದಶಮಿಯ ದಿನ ದೇವಾಂಗ ಯುವಕರು ಎದೆಗೂ ತೋಳಿಗೂ ಕತ್ತಿ ಹಾಕಿಕೊಳ್ಳುತ್ತ ಚೌಡೇಶ್ವರಿಯನ್ನು ಕರೆತರುವ ಮೆರವಣಿಗೆ ನೋಡಿದ್ದರೆ ಆ ಅಮ್ಮನ ಗುರುತು ನಿಮಗಿದೆ. ಓದುವ ಮುಂಚೆ ಆದರೆ ಒಂದು ಗುಂಡಿ ಮಗ್ಗದ ಮುಂದೆ ಸ್ವಲ್ಪ ಹೊತ್ತು ಕೂತು ಬನ್ನಿ. ನೇಕಾರ ನೆಲದ ಗುಂಡಿಯೊಳಗೆ ಕಾಲಿಳಿಬಿಟ್ಟು ಕೂತಿರುತ್ತಾನೆ, ಕಾಲಡಿಯಲ್ಲಿ ತುಳಿಹಲಗೆ, ಕೈಯಲ್ಲಿ ಲಾಳಿಯ ಹಗ್ಗ. ಹಾಸು ಹೂಡುವುದಕ್ಕೆ ಮನೆಮಂದಿಯೆಲ್ಲ ಬೇಕು. ನೂಲು ಸುತ್ತುವುದು ಹೆಂಗಸರ, ಮಕ್ಕಳ ಪಾಲಿನ ಕೆಲಸ. ಸೀರೆ ಮುಗಿದಾಗ ಸಿಗುವ ಕೂಲಿ ಮಾತ್ರ ಒಂದೇ. ಮನೆಯ ಮಾತು ಕನ್ನಡ, ಬೀದಿಯ ಮಾತು ತಮಿಳು, ದುಡಿಮೆ ನೂಲಿನದು. ಕನ್ನಡ ಬಲ್ಲ ಓದುಗನಿಗೆ ಈ ಕಾದಂಬರಿಯಲ್ಲಿ ಸಿಗುವಷ್ಟು ತಮಿಳು ಮಾತ್ರ ಬಲ್ಲವನಿಗೆ ಸಿಗದು ಎಂದು ನಾನು ನಂಬಿದ್ದೇನೆ.

ಪುಸ್ತಕಗಳಿಗೆ ದೂರ ಅಲೆಯಬೇಕಿಲ್ಲ. ಕೊಯಮತ್ತೂರಿನ ರಾಜಾ ಬೀದಿಯ ವಿಜಯಾ ಪದಿಪ್ಪಗಂ ಈ ನಾಡಿನ ಓದುಗರನ್ನು ಬೆಳೆಸಿದ ಅಂಗಡಿ. ಅಲ್ಲಿ ಕೊಂಗುನಾಡಿನ ಲೇಖಕರದು ಎಂದು ಕೇಳಿದರೆ ಸಾಕು. ಆರ್.ಎಸ್. ಪುರದ ತ್ಯಾಗು ಬುಕ್ ಸೆಂಟರ್ ಬಾಡಿಗೆಗೆ ಪುಸ್ತಕ ಕೊಡುವ ಗ್ರಂಥಾಲಯವಾಗಿ ಹೆಸರು ಮಾಡಿದ್ದು, ಬರಹಗಾರರು ಕೂತು ಹರಟುವ ಜಾಗವಾಗಿಯೂ ಹೆಸರಾದದ್ದು. ಡಿಸೆಂಬರಿನಲ್ಲಿ ವಿಷ್ಣುಪುರಂ ಸಾಹಿತ್ಯ ಬಳಗದ ಪ್ರಶಸ್ತಿ ಸಮಾರಂಭ ಕೊಯಮತ್ತೂರಿನಲ್ಲಿ ನಡೆಯುತ್ತದೆ. 2010ರಿಂದ ನಡೆದು ಬಂದಿದೆ. ಅಲ್ಲಿ ಬರಹಗಾರರ ಎದುರಿಗೇ ಓದುಗರು ಪ್ರಶ್ನೆ ಕೇಳುತ್ತಾರೆ. ತಮಿಳು ಅರ್ಧ ತಿಳಿದರೂ ಹೋಗಿ ಕೂರಿ.

ಯಾರಿಗೆ ಯಾವುದನ್ನು ಹೇಳಬೇಕೆಂಬುದಕ್ಕೆ ನನ್ನದೇ ಒಂದು ಕ್ರಮ ಇದೆ. ಆಸ್ತಿ ಪಾಲಿನ ಬೇಗೆ ಕಂಡವರಿಗೆ ‘ನಾಗಮ್ಮಾಳ್’. ದೊಡ್ಡ ಕುಟುಂಬದಲ್ಲಿ ಬೆಳೆದು ಈಗ ಒಂಟಿಯಾಗಿರುವವರಿಗೆ ‘ನೀರ್ವಳಿ ಪಡೂಉಂ’. ಬಟ್ಟೆಯ ವ್ಯಾಪಾರಕ್ಕೋ ಕಂಪನಿಯ ಕೆಲಸಕ್ಕೋ ಬಂದವರಿಗೆ ‘ಮಣಲ್ ಕಡಿಗೈ’. ಈಚೆಗೆ ತಂದೆ-ತಾಯಿಯನ್ನು ಕಳೆದುಕೊಂಡವರಿಗೆ ಮಾತ್ರ ದೇವಿಭಾರತಿಯವರನ್ನು ಕೂಡಲೇ ಕೊಡುವುದಿಲ್ಲ, ಒಂದಷ್ಟು ಕಾಲ ಬಿಟ್ಟು ಕೊಡುತ್ತೇನೆ. ‘ರೆಡ್ ಟೀ’ಯನ್ನು ಮಲಗುವ ಹೊತ್ತಿಗೆ ಓದಬೇಡಿ ಎಂದೂ ಹೇಳುತ್ತೇನೆ.

ಇಷ್ಟನ್ನು ನಿಮಗೆ ಓದಿಸಿದ, ಓದಿ ಹೇಳಿದ ತಮಿಳು ಗೆಳೆಯರಿಗೆ ನೀವೂ ಏನಾದರೂ ಕೊಡಬೇಕಲ್ಲ. ಪಾವಣ್ಣನ್ ಅವರು ತಮಿಳಿಗೆ ತಂದ ಭೈರಪ್ಪನವರ ‘ಪರ್ವ’ ಇದೆ, 2005ರಲ್ಲಿ ಅನುವಾದಕ್ಕೆ ಅಕಾಡೆಮಿ ಪ್ರಶಸ್ತಿ ಪಡೆದದ್ದು. ಕೆ. ನಲ್ಲತಂಬಿಯವರ ಅನುವಾದದಲ್ಲಿ ನೇಮಿಚಂದ್ರರ ‘ಯಾದ್ ವಶೇಮ್’ ಇದೆ, ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಇದೆ. ಕೊಂಗುನಾಡಿನ ಮನೆಗಳಿಗೆ ನಾನು ಮೊದಲು ಕೊಡುವುದು ‘ಘಾಚರ್ ಘೋಚರ್’ ಅನ್ನು. ಒಂದೇ ಸಂಪಾದನೆಯ ಮೇಲೆ ನಿಂತ ಮನೆ, ಕೈಗೆ ಕಾಸು ಬಂದ ಮೇಲೆ ಅದೇ ಮನೆಯವರು ಬದಲಾಗುವ ಬಗೆ. ಇಲ್ಲಿನವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿ ಬಂದಿಲ್ಲ.